ಕೆಂಪು ನಂಬರಿನವರು

ಚಿತ್ರದುರ್ಗ
8 ಜುಲೈ 2024

ಮೋನಿಕಾ ಮೇಡಂ ಅವರಿಗೆ,

ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಪ್ರತಿ ಡಿಸೆಂಬರಿನಲ್ಲಿ ‘ದುರ್ಗದ ಓಟ’ ನಡೆಸುವ ಸಂಸ್ಥೆಗೆ ಕಳೆದ ತಿಂಗಳು ಕೆಲಸಕ್ಕೆ ಸೇರಿದ್ದೇನೆ. ಓಟಗಾರರ ಹೆಸರು ಬರೆದುಕೊಳ್ಳುವುದರಿಂದ ದಾರಿಯಲ್ಲಿ ನೀರು ಇಡಿಸುವವರೆಗೆ ಎಲ್ಲವೂ ಈ ವರ್ಷ ನನ್ನ ಹೊಣೆ. ಮಾಲೀಕರಾದ ಜಯಕುಮಾರ್ ಅವರಿಗೆ ಸಂತೆಪೇಟೆಯಲ್ಲಿ ಶೂ ಅಂಗಡಿಯಿದೆ. ಅಂಗಡಿಯ ಮೇಲಿನ ಕೋಣೆಯೇ ನಮ್ಮ ಕಚೇರಿ.

ಈ ವರ್ಷದ ಪೋಸ್ಟರಿನ ಕರಡು ಮೇಜಿಗೆ ಬಂದಿದೆ. ಅದರಲ್ಲಿ ನಿಮ್ಮ ಚಿತ್ರವಿದೆ. ಹಿಂದೆ ಕೋಟೆಯ ಗೋಡೆ, ಮುಂದೆ ನೀವು, ಎದೆಯ ಮೇಲೆ ಕೆಂಪು ನಂಬರು. ಕೆಳಗೆ ‘ದುರ್ಗದಲ್ಲೀಗ ಜಗತ್ತೇ ಓಡುತ್ತದೆ’ ಎಂದು ಬರೆದಿದ್ದಾರೆ. ಇವರ ಒಪ್ಪಿಗೆ ಎಲ್ಲಿದೆ ಎಂದು ಜಯಕುಮಾರ್ ಅವರನ್ನು ಕೇಳಿದೆ. “ಆಯಮ್ಮ ಆಗ್ಲೇ ಕೀನ್ಯಾಕ್ಕೆ ವಾಪಸ್ ಹೋಗಿರ್ತಾಳೆ, ಯಾರನ್ನ ಕೇಳ್ತೀಯ?” ಎಂದರು. ಹಳೆಯ ಅರ್ಜಿ ತೆಗೆದು ನೋಡಿದರೆ ನಿಮ್ಮ ವಿಳಾಸ ಹೊಸದುರ್ಗದ ಬಾಲಕಿಯರ ವಸತಿ ಶಾಲೆ. ಉದ್ಯೋಗ ದೈಹಿಕ ಶಿಕ್ಷಕಿ.

ಕಳೆದ ವರ್ಷ ಮಹಿಳೆಯರ ಅರ್ಧ ಮ್ಯಾರಥಾನಿನಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದವರು ನೀವು. ಆದರೆ ಗೆದ್ದವರ ನಡುವೆ ನಿಮ್ಮ ಹೆಸರಿಲ್ಲ. ‘ವಿದೇಶಿ ಮಹಿಳೆ’ ಎಂಬ ತಲೆಬರಹದ ಕೆಳಗೆ ನೀವೊಬ್ಬರೇ ಇದ್ದೀರಿ. ಪದಕ ಇಸಿದುಕೊಳ್ಳದೆ ಹೊರಟುಹೋದಿರಂತೆ. ಅಂದು ಏನು ನಡೆಯಿತೆಂದು ನಿಮ್ಮಿಂದಲೇ ತಿಳಿಯಬೇಕಾಗಿದೆ. ನೀವು ಒಪ್ಪುವವರೆಗೆ ಪೋಸ್ಟರು ಅಚ್ಚಿಗೆ ಹೋಗುವುದಿಲ್ಲ. ಈ ವರ್ಷವೂ ನೀವು ಓಡಬೇಕೆಂಬುದು ನನ್ನ ಆಸೆ. ಹಾಗೆ ಕೇಳುವ ಹಕ್ಕು ನಮಗಿದೆಯೋ ಇಲ್ಲವೋ ತಿಳಿಯದು.

ಗೌರವದಿಂದ,
ಶಾಲಿನಿ


ಹೊಸದುರ್ಗ
19 ಜುಲೈ 2024

ಶಾಲಿನಿ ಅವರಿಗೆ,

ನಿಮ್ಮ ಕಚೇರಿಯಿಂದ ಫೋನ್ ಬಂದಿದ್ದರೆ ನಾನು ತೆಗೆಯುತ್ತಿರಲಿಲ್ಲ. ನೀವು ಕಾಗದ ಬರೆದದ್ದರಿಂದ ಉತ್ತರಿಸುತ್ತಿದ್ದೇನೆ.

ಚಿತ್ರ ಬೇಡ.

ಓಟದ ಹಿಂದಿನ ಸಂಜೆ ಎದೆಗೆ ಚುಚ್ಚಿಕೊಳ್ಳುವ ನಂಬರು ಪಡೆಯಲು ಕ್ರೀಡಾಂಗಣಕ್ಕೆ ಬಂದೆ. ಎರಡು ಸಾಲುಗಳಿದ್ದವು. ನಮ್ಮ ದೇಶದವರಿಗೆ ನೀಲಿ ನಂಬರು, ವಿದೇಶದವರಿಗೆ ಕೆಂಪು. ನಾನು ನೀಲಿ ಸಾಲಿನಲ್ಲಿ ನಿಂತೆ. ಮೇಜಿನ ಹಿಂದಿದ್ದ ಕನಕರಾಜ್ ಎಂಬ ತರಬೇತುದಾರ ಕೈಯಲ್ಲೇ ಕೆಂಪು ಸಾಲು ತೋರಿಸಿದ. ನಾನು ಕನ್ನಡದಲ್ಲಿ ಮಾತನಾಡಿದೆ. “ಕನ್ನಡ ಚೆನ್ನಾಗಿ ಕಲ್ತಿದೀರ ಮೇಡಂ” ಎಂದ.

“ಒಂದನೇ ಇಯತ್ತೆಯಿಂದ ಕನ್ನಡ ಸಾಲ್ಯಾಗ ಕಲ್ತೀನ್ರಿ. ನಂದು ಹಳಿಯಾಳ” ಎಂದೆ.

ಅವನು ಹಿಂದಿದ್ದ ನಿಮ್ಮ ಮಾಲೀಕರ ಕಡೆ ತಿರುಗಿ ಕೂಗಿದ: “ಜಯಣ್ಣ, ಹಳಿಯಾಳ ಯಾವ ದೇಶದಾಗೆ ಬರ್ತೈತೆ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಪಾಸ್‌ಪೋರ್ಟ್ ಕೇಳಿದರು. ಇಲ್ಲವೆಂದೆ. ಪಾಸ್‌ಪೋರ್ಟ್ ಇಲ್ಲದ ವಿದೇಶಿ ಎಂದು ಅವರ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ದೊಡ್ಡ ಮನಸ್ಸು ಮಾಡಿ ಕೆಂಪು ನಂಬರು ಕೊಟ್ಟರು.

ನಾನು ಸಿದ್ದಿ ಸಮುದಾಯದವಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ತಪ್ಪಿಸಿಕೊಂಡವರು ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ನಿಮ್ಮ ಕೋಟೆಯ ಕೊನೆಯ ಸುತ್ತು ಕಟ್ಟುವ ಹೊತ್ತಿಗೆ ನಾವು ಇಲ್ಲಿ ಇದ್ದಿರಬೇಕು.

ತಯಾರಾಗಿ ಬಂದಿದ್ದರಿಂದ ಮರುದಿನ ಓಡಿದೆ. ಗೆರೆ ದಾಟಿದಾಗ ಮೈಕಿನಲ್ಲಿ “ಕೀನ್ಯಾದ ಮೋನಿಕಾ” ಎಂದರು. ಸಿಕ್ಕಿದ ಮೊದಲ ಬಸ್ಸು ಹಿಡಿದು ಹೊಸದುರ್ಗಕ್ಕೆ ಬಂದೆ. ಅಂದಿನಿಂದ ಯಾವ ಓಟಕ್ಕೂ ಹೆಸರು ಕೊಟ್ಟಿಲ್ಲ. ಬೆಳಿಗ್ಗೆ ಮಕ್ಕಳ ಜೊತೆ ಮೈದಾನ ಸುತ್ತುತ್ತೇನೆ. ಅವರು ದುರ್ಗಕ್ಕೆ ಹೋಗೋಣ ಎಂದು ಗಂಟುಬಿದ್ದಿದ್ದಾರೆ. ಅವರಿಗೆ ಏನು ಹೇಳಬೇಕೆಂದು ನನಗೆ ಗೊತ್ತಾಗಿಲ್ಲ. ನಾನಂತೂ ಓಡುವುದಿಲ್ಲ.

ಮೋನಿಕಾ


ಚಿತ್ರದುರ್ಗ
5 ಆಗಸ್ಟ್ 2024

ಮೋನಿಕಾ ಮೇಡಂ,

ಪೋಸ್ಟರು ಕೈಬಿಟ್ಟೆವು. ಅದಕ್ಕಾಗಿ ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಏನಮ್ಮ ಶಾಲಿನಿ, ಬಂದ ಹೊಸದ್ರಾಗೇ ಪೋಸ್ಟರ್ ಹರಿತೀಯ?”

“ಹರ್ದಿಲ್ಲ ಸಾರ್. ಅವ್ರು ಹೊಸದುರ್ಗದಾಗೆ ಟೀಚರ್.”

“ಹೌದಾ? ಮತ್ತೆ ಮೋನಿಕಾ ಅಂತ ಹೆಸ್ರೈತೆ?”

“ನಮ್ಮ ಓಣಿಯಾಗೇ ಇಬ್ರು ಮೋನಿಕಾ ಅವ್ರೆ ಸಾರ್.”

ಅವರು ಒಂದು ಶೂ ಡಬ್ಬಿ ತೆರೆದು, ಒಳಗಿನ ಕಾಗದ ಸರಿಮಾಡಿ, ಮತ್ತೆ ಮುಚ್ಚಿದರು. ಕೆಟ್ಟ ಮನುಷ್ಯರಲ್ಲ. ತಪ್ಪಾಯಿತೆನಿಸಿದಾಗ ಅವರ ಕೈ ಸುಮ್ಮನಿರುವುದಿಲ್ಲ. ಆಮೇಲೆ, “ಹಂಗಾದ್ರೆ ಈ ಸಲ ಎಲ್ಲರದ್ದೂ ಆಧಾರ್ ಕಾರ್ಡ್ ನೋಡಾಣ ಬಿಡು. ಯಾರ್ಗೂ ಬೇಜಾರಿರಲ್ಲ” ಎಂದರು.

ಹಾಗಾಗಿ ಮುಖ ನೋಡಿ ಬಣ್ಣ ಕೊಡುವುದು ಇನ್ನಿಲ್ಲ. ನಿಮಗೆ ಕೆಂಪು ನಂಬರು ಬರುವುದಿಲ್ಲ. ಇಷ್ಟು ಬೇಗ ಆಗುತ್ತದೆಂದು ನಾನೂ ಅಂದುಕೊಂಡಿರಲಿಲ್ಲ.

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಾನು ಇಲ್ಲೇ ಮದಕರಿಪುರದವಳು. ಬಾಯಿ ತೆರೆಯುವ ಮೊದಲೇ ನಮ್ಮನ್ನು ಇಂಥವರೆಂದು ಗುರುತು ಹಾಕಿಬಿಡುವವರನ್ನು ಕಂಡಿದ್ದೇನೆ. ಈಗ ಓಡುತ್ತೀರಲ್ಲವೇ?

ನಿರೀಕ್ಷೆಯಲ್ಲಿ,
ಶಾಲಿನಿ


ಹೊಸದುರ್ಗ
17 ಆಗಸ್ಟ್ 2024

ಶಾಲಿನಿ ಅವರಿಗೆ,

ನನ್ನ ನೋವು ಅರ್ಥವಾಗುತ್ತದೆಂದು ಬರೆದಿದ್ದೀರಿ. ನನ್ನದನ್ನು ನೀವು ಅರ್ಧ ಕೇಳಿದ್ದೀರಿ, ನಿಮ್ಮದನ್ನು ನನಗೆ ಹೇಳಿಯೇ ಇಲ್ಲ. ಎರಡನ್ನೂ ಸದ್ಯ ಒಂದೇ ತಕ್ಕಡಿಯಲ್ಲಿ ಇಡುವುದು ಬೇಡ.

ಉಳಿದರ್ಧ ಇದು. ಕಳೆದ ವರ್ಷ ಕೆಂಪು ನಂಬರು ಕಟ್ಟಿಕೊಂಡ ಇನ್ನೊಬ್ಬರಿದ್ದರು. ಹೆಸರು ಬರಾಕಾ, ದೇಶ ತಾಂಜಾನಿಯಾ. ನಿಮ್ಮ ಊರಿನಲ್ಲೇ ಫಾರ್ಮಸಿ ಓದುತ್ತಿದ್ದಾರೆ. ಓಟ ಶುರುವಾಗುವ ಮೊದಲು ನನ್ನನ್ನು ಕಂಡು, ಮುಖವೆಲ್ಲ ಅರಳಿಸಿಕೊಂಡು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. “ಗೊತ್ತಾಗಲಿಲ್ರಿ” ಎಂದೆ. ಅವರ ಮುಖ ಇಳಿದುಹೋಯಿತು. ಆದರೂ ದೂರದವರೆಗೆ ನನ್ನ ಪಕ್ಕದಲ್ಲೇ ಓಡಿದರು. ನೀರಿನ ಮೇಜಿನಲ್ಲಿ ಲೋಟ ಎತ್ತಿ ನನಗೆ ಕೊಟ್ಟು, ಆಮೇಲೆ ತಾವು ಕುಡಿದರು.

ಅವರೂ ನನ್ನ ಮುಖ ನೋಡಿಯೇ ಊರು ಊಹಿಸಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾಕೆಂದು ಬಹಳ ಯೋಚಿಸಿದ್ದೇನೆ. ಅವರು ಊಹಿಸಿದ್ದು ಹತ್ತಿರ ಕರೆಯಲು. ಕನಕರಾಜ್ ಊಹಿಸಿದ್ದು ಆಚೆ ಕಳಿಸಲು.

ನಾಳೆ ನಾನು ಆಧಾರ್ ತೋರಿಸಿ ನೀಲಿ ಸಾಲಿಗೆ ಹೋದರೆ ಬರಾಕಾ ಕೆಂಪು ಸಾಲಿನಲ್ಲಿ ಒಬ್ಬರೇ ನಿಲ್ಲುತ್ತಾರೆ. ನಾನು ಪಾರಾದೆ ಎಂದು ಓಡಲೇ? ಆ ಎರಡನೆಯ ಸಾಲು ಯಾಕಿದೆ ಎಂದು ನಿಮ್ಮ ಮಾಲೀಕರನ್ನು ಕೇಳಿ. ಅದು ಇರುವವರೆಗೆ ನಾನು ಬರುವುದಿಲ್ಲ.

ಮೋನಿಕಾ

ಮರೆತಿದ್ದೆ. ಓಟದ ದಾರಿಯ ನಕ್ಷೆ ನೋಡಿದೆ. ಮದಕರಿಪುರದಲ್ಲಿ ಊರು ಮುಗಿಯುವ ಮೊದಲೇ ದಾರಿ ಹಿಂದಕ್ಕೆ ತಿರುಗುತ್ತದೆ. ಯಾಕೆ?


ಚಿತ್ರದುರ್ಗ
6 ಸೆಪ್ಟೆಂಬರ್ 2024

ಮೋನಿಕಾ ಮೇಡಂ,

ಹೋದ ಕಾಗದದಲ್ಲಿ ನಾನು ಅವಸರಪಟ್ಟೆ. ನಿಮ್ಮ ಪ್ರಶ್ನೆಯನ್ನು ಹಾಗೆಯೇ ಜಯಕುಮಾರ್ ಅವರ ಮುಂದಿಟ್ಟೆ.

“ಹೊರಗಿನೋರು ಬಂದು ಎಲ್ಲಾ ಪದಕ ಬಾಚ್ಕಂಡು ಹೋದ್ರೆ ನಮ್ಮ ಹುಡುಗ್ರು ಏನ್ ಮಾಡ್ಬೇಕಮ್ಮ? ಮೊದಲ್ನೇ ವರ್ಷ ಹಂಗೇ ಆತು. ಬೆಳಿಗ್ಗೆ ಬಂದ್ರು, ಓಡಿದ್ರು, ಹೋದ್ರು. ನಮ್ಮೋರು ಚಪ್ಪಾಳೆ ತಟ್ಟಿದ್ದೇ ಬಂತು.”

“ಆವತ್ತು ಗೆದ್ದೋರು ಯಾವ ದೇಶದೋರು ಸಾರ್?”

“ಇಬ್ರು ಪುಣೆಯೋರು. ಒಬ್ಬ ಊಟಿಯೋನು.”

“ಅವ್ರಿಗೆ ಮರುವರ್ಷ ಕೆಂಪು ನಂಬರ್ ಕೊಟ್ರಾ?”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಇನ್ನೊಂದು ಮಾತು ಕೇಳಿದೆ. “ನೀವು ಎಲ್ಲಿಯೋರು ಸಾರ್?”

“ನಾನಾ? ದುರ್ಗದೋನೇ. ಹುಟ್ಟಿದ್ದು ಆಂಧ್ರದ ರಾಯದುರ್ಗ. ಮನೆಯಾಗೆ ತೆಲುಗು ಮಾತಾಡ್ತೀವಿ. ಅದಕ್ಕೇನಿವಾಗ?” ಎಂದು ಕನ್ನಡಕ ಮತ್ತೆ ಹಾಕಿಕೊಂಡು, “ಹೋಗಮ್ಮ, ಹೋಗಿ ಏನ್ ಬರಿಬೇಕಂತೀಯೋ ಬರ್ಕಂಡ್ ಬಾ” ಎಂದರು.

ಬರೆದದ್ದು ಇಷ್ಟು. ಎಲ್ಲರಿಗೂ ಒಂದೇ ಸಾಲು, ಒಂದೇ ಬಣ್ಣ. ಯಾರು ಮೊದಲು ಗೆರೆ ದಾಟುತ್ತಾರೋ ಅವರೇ ಮೊದಲು. ನಮ್ಮ ಹುಡುಗರ ಬಗ್ಗೆ ಅವರಿಗಿರುವ ಕಾಳಜಿ ಸುಳ್ಳಲ್ಲವಾದ್ದರಿಂದ ಈ ಜಿಲ್ಲೆಯಲ್ಲಿ ವಾಸವಾಗಿರುವವರಿಗೆ ಬೇರೆ ಪದಕಗಳಿರುತ್ತವೆ. ಹುಟ್ಟಿದ ಊರನ್ನು ಯಾರೂ ಕೇಳುವುದಿಲ್ಲ. ಈಗ ಎಲ್ಲಿದ್ದೇನೆಂದು ಓಟಗಾರರೇ ಬರೆದರೆ ಸಾಕು. ನೀವು ಹೊಸದುರ್ಗ ಎಂದು ಬರೆಯಬಹುದು, ಬರಾಕಾ ಚಿತ್ರದುರ್ಗ ಎಂದು. ಈ ತಿಂಗಳ 22ರಂದು ಹೊಳಲ್ಕೆರೆಯಲ್ಲಿ ಒಂದು ಸಣ್ಣ ಓಟವಿದೆ. ಅಲ್ಲಿ ಇದನ್ನು ಜಾರಿಗೆ ತಂದು ನೋಡುತ್ತೇವೆ. ಬರಾಕಾ ಅವರನ್ನು ಹುಡುಕಿ ಮಾತನಾಡಿಸಿದೆ. ಓಡಲು ಒಪ್ಪಿದ್ದಾರೆ.

ದಾರಿಯ ತಿರುವಿನ ಬಗ್ಗೆ ಕೇಳಿದ್ದೀರಿ. ಅಲ್ಲಿಂದ ಮುಂದಿರುವ ಮನೆಗಳು ನಮ್ಮ ಕೇರಿಯವು. ಓಟ ನೋಡಲು ನಮ್ಮವ್ವ ಏಕಾಂತಮ್ಮ ಪ್ರತಿ ವರ್ಷ ದೊಡ್ಡ ರಸ್ತೆಗೆ ನಡೆದು ಬರುತ್ತಾಳೆ.

ವಿಶ್ವಾಸದಿಂದ,
ಶಾಲಿನಿ


ಚಿತ್ರದುರ್ಗ
25 ಸೆಪ್ಟೆಂಬರ್ 2024

ಮೋನಿಕಾ ಮೇಡಂ,

ಹೊಳಲ್ಕೆರೆಯಲ್ಲಿ ಬರಾಕಾ ಜಿಲ್ಲೆಯವರ ಪೈಕಿ ಮೂರನೆಯವರಾಗಿ ಬಂದರು. ಜಯಕುಮಾರ್ ಅವರೇ ಕೊರಳಿಗೆ ಪದಕ ಹಾಕಿದರು. ನಾಲ್ಕನೆಯವನು ತಿಮ್ಮೇಶ್, ಭರಮಸಾಗರದವನು, ಕನಕರಾಜ್ ಬಳಿ ತಯಾರಾಗುತ್ತಿರುವ ಓಟಗಾರ. ಅವನ ಕಡೆಯವರು ವೇದಿಕೆಗೆ ನುಗ್ಗಿದರು. “ಇವ್ನು ಯಾವ ಸೀಮೆ ಜಿಲ್ಲೆಯೋನು? ನಮ್ಮ ಹುಡುಗ ಕಣ್ಣಿಗೆ ಕಾಣಲ್ವಾ?” ಎಂದು ಕೂಗಿದರು. ಜಯಕುಮಾರ್ ಹೆದರಿದರು. ಬರಾಕಾ ಕಡೆ ತಿರುಗಿ “ಒಂದ್ನಿಮಿಷ ಕೊಡಪ್ಪ” ಎಂದು ಕೈ ಚಾಚಿದರು. ಬರಾಕಾ ತಾವೇ ಪದಕ ತೆಗೆದು ಕೊಟ್ಟರು. ಅದನ್ನು ತಿಮ್ಮೇಶನಿಗೆ ಹಾಕಿದರು.

ನಾನು ಗೆರೆಯ ಬಳಿ ಕೊನೆಯ ಓಟಗಾರರಿಗಾಗಿ ಕಾಯುತ್ತಿದ್ದೆ. ವೇದಿಕೆಗೆ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ನಿಯಮ ಬರೆದಿದೆ ಎಂದು ಎಲ್ಲರ ಮುಂದೆ ಹೇಳಿದೆ. “ಇವತ್ತು ಸುಮ್ನಿರವ್ವ, ನಾಳೆ ಮಾತಾಡಾಣ” ಎಂದರು. ಆ ನಾಳೆ ಇನ್ನೂ ಬಂದಿಲ್ಲ. ಅವರು ಅಂಗಡಿಯಿಂದ ಮೇಲೆ ಹತ್ತಿ ಬರುತ್ತಿಲ್ಲ.

ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಇದನ್ನು ನಿಮಗೆ ಬರೆಯದಿದ್ದರೆ ಡಿಸೆಂಬರಿಗೆ ನೀವು ಬರುತ್ತಿದ್ದಿರೇನೋ.

ಶಾಲಿನಿ


ಚಿತ್ರದುರ್ಗ
20 ಅಕ್ಟೋಬರ್ 2024

ಮೋನಿಕಾ ಮೇಡಂ,

ನಿಮ್ಮಿಂದ ಕಾಗದ ಬಂದಿಲ್ಲ. ಬರಬೇಕೆಂದೇನೂ ಇಲ್ಲ. ಆಮೇಲೆ ನಡೆದದ್ದನ್ನು ತಿಳಿಸದೆ ಬಿಡುವುದು ಸರಿಯಲ್ಲವೆನಿಸಿ ಬರೆಯುತ್ತಿದ್ದೇನೆ.

ಆಯುಧಪೂಜೆ ಕಳೆದ ವಾರ ತಿಮ್ಮೇಶ್ ಅಂಗಡಿಗೆ ಬಂದ. ಗಿರಾಕಿಗಳ ನಡುವೆಯೇ ಪದಕ ತೆಗೆದು ಗಲ್ಲಾದ ಮೇಲೆ ಇಟ್ಟ. “ಅಣ್ಣ, ಇದು ನನ್ನ ಕಾಲಿಗೆ ಬಂದಿದ್ದಲ್ಲ. ಅವನ ಬೆನ್ನು ನೋಡ್ಕಂಡೇ ನಾನು ಕೊನೇವರ್ಗೂ ಓಡಿದ್ದು. ಮನೆಯಾಗೆ ಮೊಳೆಗೆ ನೇತಾಕಿದ್ರು. ನೋಡಿದಾಗೆಲ್ಲ ಅವನ ಬೆನ್ನೇ ಕಾಣ್ತೈತೆ.”

“ಹಂಗಾದ್ರೆ ಹೋಗಿ ಅವನಿಗೇ ಕೊಟ್ಬಿಡಪ್ಪ” ಎಂದರು ಜಯಕುಮಾರ್.

“ಹಾಕಿದೋರು ನೀವು, ಇಸ್ಕಂಡೋರೂ ನೀವು. ನಾನ್ಯಾಕೆ ಹೋಗ್ಲಿ? ನೀವೇ ನಡೀರಿ, ಬೇಕಾದ್ರೆ ಜೊತೆಗೆ ಬರ್ತೀನಿ.”

ಮೂವರೂ ಬರಾಕಾ ಅವರ ರೂಮಿಗೆ ಹೋದೆವು. ಅವರು ಮಂಚದ ಮೇಲಿದ್ದ ಪುಸ್ತಕಗಳನ್ನು ಸರಿಸಿ, “ಕುಂತ್ಕಳ್ರಿ ಸಾರ್” ಎಂದರು. ಇಲ್ಲಿಯ ಕನ್ನಡವೇ. ಜಯಕುಮಾರ್ ಕೂತರು. ಪದಕವಿದ್ದ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ತಿಮ್ಮೇಶ್ ಕೆಮ್ಮಿದ. ಆಗ ಜಯಕುಮಾರ್ ಅವರ ಕಣ್ಣು ಬಾಗಿಲ ಬಳಿಯ ಶೂಗಳ ಮೇಲೆ ಬಿತ್ತು. ಒಂದನ್ನು ಎತ್ತಿ, ತಿರುಗಿಸಿ, ಹಿಮ್ಮಡಿ ಒತ್ತಿ ನೋಡಿ, “ಇದ್ನ ಹಾಕ್ಕಂಡು ಓಡಿದ್ಯೇನಪ್ಪ? ಹೊರಮಗ್ಗಲೆಲ್ಲ ಸವ್ದೋಗೈತಲ್ಲ. ಹಿಂಗೇ ಓಡಿದ್ರೆ ಮೊಣಕಾಲು ಹೋಗ್ತೈತೆ” ಎಂದರು. ಆಮೇಲೆ ಶೂ ಕೆಳಗಿಟ್ಟು, ಪದಕ ಹೊರತೆಗೆದು ಎರಡೂ ಕೈಯಲ್ಲಿ ಕೊಟ್ಟರು. “ಅವತ್ತು ನಾನು ಹೆದರ್ಕಂಡೆ. ತಪ್ಪಾತು” ಎಂದರು. ಅವರು ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಬರಾಕಾ ತಲೆಯಾಡಿಸಿದರು. ಪರವಾಗಿಲ್ಲ ಎನ್ನಲಿಲ್ಲ. ಎಲ್ಲರಿಗೂ ಶುಂಠಿ ಚಹಾ ಮಾಡಿಕೊಟ್ಟರು.

ಡಿಸೆಂಬರ್ 15ಕ್ಕೆ ನಿಯಮ ಹಾಗೆಯೇ ಇರುತ್ತದೆ. ವೇದಿಕೆಯಲ್ಲಿ ಯಾರಾದರೂ ಕೂಗಿದರೆ ಉತ್ತರ ಹೇಳುವವಳು ನಾನು ಎಂದು ತೀರ್ಮಾನವಾಗಿದೆ. ರಾಜೀನಾಮೆಯನ್ನು ಹರಿದಿಲ್ಲ. ಚೀಲದಿಂದ ತೆಗೆದಿದ್ದೇನೆ.

ಶಾಲಿನಿ


ಹೊಸದುರ್ಗ
14 ನವೆಂಬರ್ 2024

ಶಾಲಿನಿ ಅವರಿಗೆ,

ನಿಮ್ಮ ಸೆಪ್ಟೆಂಬರ್ ಕೊನೆಯ ಕಾಗದಕ್ಕೆ ಉತ್ತರ ಬರೆದಿದ್ದೆ. ಕಳಿಸುವಂತಿರಲಿಲ್ಲ.

ಈಗ ಹೆಸರು ಕೊಟ್ಟಿದ್ದೇನೆ. ಪದಕ ಹಿಂದಕ್ಕೆ ಹೋಯಿತೆಂಬ ಕಾರಣಕ್ಕಲ್ಲ. ಹೊಳಲ್ಕೆರೆಯ ಸುದ್ದಿ ನಮ್ಮ ಕಡೆಗೆ ಬಂದಿರಲಿಲ್ಲ. ನೀವು ಮುಚ್ಚಿಟ್ಟಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಅದು ನಿಮಗೂ ಗೊತ್ತಿತ್ತು.

ಒಂದು ಮಾತು. ‘ಸಿದ್ದಿ ಸಮುದಾಯದ ಹೆಮ್ಮೆ’ ಎಂದು ಮೈಕಿನಲ್ಲಿ ಹೇಳಬಾರದು. ಸನ್ಮಾನ, ಶಾಲು, ಹಾರ ಯಾವುದೂ ಬೇಡ. ಅದೂ ಇನ್ನೊಂದು ಬಣ್ಣದ ನಂಬರೇ. ನಾನು ಬಂದು ಓಡಿ ಹೋಗುತ್ತೇನೆ.

ಶಾಲೆಯ ನಾಲ್ವರು ಹುಡುಗಿಯರು ಐದು ಕಿಲೋಮೀಟರಿನಲ್ಲಿ ಓಡುತ್ತಾರೆ. ಅವರಲ್ಲಿ ಓಬಮ್ಮ ಎಂಬವಳು ಹಿರಿಯೂರು ಕಡೆಯ ಕುರಿಗಾಹಿಗಳ ಮಗಳು. ನಿನ್ನೆ ಕೇಳಿದಳು: “ಟೀಚರ್, ನೀವೇನಾರ ಸೋತ್ರೆ?”

“ಸೋತರ ಸೋತೆ.”

“ನಾವು ನಿಧಾನ ಆದ್ರೆ ನೀವು ಬೈತೀರಲ್ಲ, ಆವಾಗ ನಾವೂ ಬೈಬೋದಾ?”

ಬೈಯಿರಿ ಎಂದಿದ್ದೇನೆ. ಹಾಗಾಗಿ ಬೆಳಗಿನ ಓಟವನ್ನು ಹೆಚ್ಚಿಸಿದ್ದೇನೆ.

ಮದಕರಿಪುರದ ತಿರುವು ಏನಾಯಿತೆಂದು ನೀವು ಬರೆಯಲಿಲ್ಲ.

ಮೋನಿಕಾ


ಹೊಸದುರ್ಗ
17 ಡಿಸೆಂಬರ್ 2024

ಶಾಲಿನಿ,

ಓಟದ ದಿನ ನೀವು ಎಲ್ಲಿ ನೋಡಿದರೂ ಓಡಾಡುತ್ತಿದ್ದಿರಿ. ಮಾತನಾಡಲು ಆಗಲಿಲ್ಲ.

ಹಿಂದಿನ ಸಂಜೆ ನಂಬರು ಪಡೆಯಲು ಬಂದಾಗ ಒಂದೇ ಸಾಲಿತ್ತು. ಮೇಜಿನ ಹಿಂದೆ ಕನಕರಾಜ್ ಇದ್ದ. ನನ್ನನ್ನು ಕಂಡು ಅವನ ಕಿವಿ ಕೆಂಪಾಯಿತು. ಅವನು ಏನು ಕೇಳಿದರೆ ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ನನ್ನೊಳಗೇ ಹೇಳಿಕೊಂಡು ಬಂದಿದ್ದೆ. ಅವನು ಕೇಳಿದ್ದು, “ಟೀ ಶರ್ಟ್ ಯಾವ ಸೈಜು ಮೇಡಂ?”

ತಯಾರಿಸಿಕೊಂಡು ಬಂದ ಉತ್ತರಗಳಲ್ಲಿ ಇದಕ್ಕೊಂದನ್ನು ಹುಡುಕುತ್ತಿದ್ದಂತೆ ಹಿಂದಿನವರು “ಲಗೂನ ಹೇಳ್ರವ್ವ” ಎಂದರು. ಮೀಡಿಯಂ ಎಂದೆ.

“ಮೀಡಿಯಂ ಖಾಲಿ ಆಗ್ಯಾವೆ. ಲಾರ್ಜ್ ತಗಳ್ರಿ, ಒಂದ್ಸಲ ಒಗೆದ್ರೆ ಅದೇ ಗಿಡ್ಡ ಆಗ್ತೈತೆ.”

ಒಗೆದಿದ್ದೇನೆ. ಗಿಡ್ಡವಾಗಲಿಲ್ಲ.

ಒಟ್ಟು ಮಹಿಳೆಯರಲ್ಲಿ ನಾಲ್ಕನೆಯವಳು, ಜಿಲ್ಲೆಯವರಲ್ಲಿ ಎರಡನೆಯವಳು. ಒಂದು ವರ್ಷ ಸ್ಪರ್ಧೆಗೆ ಇಳಿಯದಿದ್ದರೆ ಕಾಲು ಹೇಳಿಯೇ ಹೇಳುತ್ತದೆ. ಮೈಕಿನಲ್ಲಿ “ಮೋನಿಕಾ, ಹೊಸದುರ್ಗ” ಎಂದಾಗ ನಮ್ಮ ಹುಡುಗಿಯರು ಕಿರುಚಿದ್ದು ನಿಮಗೂ ಕೇಳಿಸಿರಬೇಕು. ಆಮೇಲೆ ಕೊಟ್ಟ ಮಾತಿನಂತೆ ನಾಲ್ವರೂ ಸೇರಿ ಬೈದರು.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೆದ್ದಾರಿ ದಾಟುವಲ್ಲಿ ಬೈಕಿನ ಮೇಲೆ ಕೂತಿದ್ದ ಇಬ್ಬರು “ಕೀನ್ಯಾ! ಕೀನ್ಯಾ!” ಎಂದು ಕೂಗಿದರು. ನನ್ನ ಪಕ್ಕ ಏದುಸಿರು ಬಿಡುತ್ತ ಓಡುತ್ತಿದ್ದ ಅಪರಿಚಿತ ಹೆಂಗಸೊಬ್ಬಳು ನಿಲ್ಲದೆಯೇ, “ನಿಮ್ ಬಾಯಿಗಿಷ್ಟು ಬೂದಿ ಬೀಳ, ಬಂದು ಒಂದು ಮೈಲಿ ಓಡ್ರೋ ನೋಡಾಣ” ಎಂದಳು. ಅಷ್ಟು ದೂರದ ಓಟದಲ್ಲಿ ಬೈಯುವುದಕ್ಕೆ ಉಸಿರು ಖರ್ಚು ಮಾಡುವುದು ಸಣ್ಣ ಮಾತಲ್ಲ. ಆಮೇಲೆ ಅವಳು ಹಿಂದೆ ಬಿದ್ದಳು. ಹೆಸರು ತಿಳಿಯಲಿಲ್ಲ. ಬರಾಕಾ ಹೊಸ ಶೂಗಳಲ್ಲಿ ಓಡಿ ಎರಡೂ ಹೆಬ್ಬೆರಳಿಗೆ ಬೊಬ್ಬೆ ಮಾಡಿಕೊಂಡಿದ್ದಾರೆ. ಹೊಸ ಶೂ ಕೊಡಿಸಿದ ದಿನವೇ ಓಟಕ್ಕೆ ಹಾಕಿಕೊಳ್ಳಬಾರದೆಂದು ಶೂ ಮಾರುವವರಿಗೆ ತಿಳಿದಿರಬೇಕಿತ್ತು.

ಮದಕರಿಪುರದಲ್ಲಿ ದಾರಿ ನಿಮ್ಮ ಮನೆಗಳ ಮಧ್ಯೆ ಹಾದು, ಕೊನೆಯ ಮನೆ ಬಳಸಿ ಹಿಂದಿರುಗಿತು. ನೀವು ಅದನ್ನೂ ಬರೆದಿರಲಿಲ್ಲ. ನಿಮ್ಮವ್ವ ಅಂಗಳದಲ್ಲೇ ಮೇಜು ಹಾಕಿಕೊಂಡು ಮಜ್ಜಿಗೆ ಕೊಡುತ್ತಿದ್ದರು. ಮೊದಲು ಯಾರೂ ನಿಲ್ಲುತ್ತಿರಲಿಲ್ಲ. ನಾನು ನಿಂತು ಕುಡಿದೆ. ಹಿಂದೆ ಬಂದವರೂ ನಿಂತರು. ಓಡುವವರ ಮಜ್ಜಿಗೆಗೆ ಹಸಿಮೆಣಸಿನಕಾಯಿ ಅರೆದು ಹಾಕಬಾರದೆಂದು ಅವರಿಗೆ ತಿಳಿಸಿ. ಮುಂದಿನ ಮೂರು ಕಿಲೋಮೀಟರು ನನ್ನ ಬಾಯಿ ಉರಿಯುತ್ತಿತ್ತು.

ದಾರಿ ಬದಲಾದ ಮೇಲೆ ಹದಿನಾಲ್ಕನೆಯ ಕಿಲೋಮೀಟರಿನ ಫಲಕವನ್ನು ಯಾರೂ ಸರಿಸಿಲ್ಲ. ಅದನ್ನು ನಂಬಿ ನಾನು ಬೇಗ ವೇಗ ಹೆಚ್ಚಿಸಿದೆ, ಕೊನೆಗೆ ಸುಸ್ತಾದೆ. ಅತಿಥಿಗಳ ಭಾಷಣದಿಂದ ಓಟ ತಡವಾಗಿ ಶುರುವಾಗಿ ಬಿಸಿಲಿಗೆ ಸಿಕ್ಕೆವು. ಭಾಷಣ ಓಟದ ನಂತರವೂ ಮಾಡಬಹುದು, ಕೇಳಬೇಕೆನ್ನುವವರು ಇರುತ್ತಾರೆ. ಅಷ್ಟೊಂದು ಹೆಂಗಸರಿಗೆ ಎರಡೇ ಶೌಚಾಲಯ. ಕಳೆದ ವರ್ಷವೂ ಎರಡೇ ಇದ್ದಿರಬೇಕು, ಆಗ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮುಂದಿನ ವರ್ಷ ಆರು ಇರಲಿ. ಬಂದು ಎಣಿಸುತ್ತೇನೆ.

ಮೋನಿಕಾ